ರಾತ್ರಿ ಎರಡೂವರೆಗೆ ಫೋನ್ ಹೊಡೆದುಕೊಳ್ಳಬೇಕು: ತಂಡಕ್ಕೆ ಆನ್-ಕಾಲ್ ಪೇಜಿಂಗ್ ವ್ಯವಸ್ಥೆ ಆರಿಸುವ ಬಗೆ

ಸರ್ವರೋ ಸೇವೆಯೋ ಕೆಟ್ಟಾಗ ಸರದಿಯಲ್ಲಿರುವ (ಆನ್-ಕಾಲ್) ಎಂಜಿನಿಯರನ್ನು ಫೋನಿನಿಂದ ಎಬ್ಬಿಸುವ ಪೇಜಿಂಗ್ ವ್ಯವಸ್ಥೆ ಕೊಳ್ಳಲು ಹೊರಟ ತಂಡಗಳು ಸಾಮಾನ್ಯವಾಗಿ ಹೋಲಿಕೆಯ ಪಟ್ಟಿಯಿಂದ ಶುರು ಮಾಡುತ್ತವೆ. ಎಡಕ್ಕೆ ಐವತ್ತು ಸೌಲಭ್ಯ, ಮೇಲೆ ಐದು ಕಂಪನಿ, ನಡುವೆಲ್ಲ ಟಿಕ್ ಗುರುತು. ಎಲ್ಲರಿಗೂ ಟಿಕ್ ಬಿದ್ದಿರುವುದರಿಂದ ಆ ಪಟ್ಟಿಯಿಂದ ಏನೂ ತೀರ್ಮಾನವಾಗುವುದಿಲ್ಲ. ಕೇಳಬೇಕಾದ ಪ್ರಶ್ನೆ ಎರಡೇ. ಮಲಗಿರುವವರ ಫೋನ್ ನಿಜಕ್ಕೂ ಹೊಡೆದುಕೊಳ್ಳುತ್ತದೆಯೇ? ಅವರು ಏಳದಿದ್ದರೆ ಎಷ್ಟು ನಿಮಿಷಕ್ಕೆ ಇನ್ನಾರ ಫೋನ್ ಹೊಡೆದುಕೊಳ್ಳುತ್ತದೆ? ಮಿಕ್ಕಿದ್ದೆಲ್ಲ ಇವೆರಡಕ್ಕೆ ಸರಿಯಾದ ಉತ್ತರ ಸಿಕ್ಕ ಮೇಲಿನ ಮಾತು.

ಇಲ್ಲಿ ಮೂರು ಬೇರೆ ಬೇರೆ ಕೆಲಸಗಳು ಒಂದರೊಳಗೊಂದು ಸೇರಿಕೊಂಡಿವೆ. ತೊಂದರೆ ಕಂಡುಹಿಡಿಯುವುದು ಮಾನಿಟರಿಂಗ್: ಪ್ರಮೀಥಿಯಸ್, ಝ್ಯಾಬಿಕ್ಸ್, ಕ್ಲೌಡ್‌ವಾಚ್ ಇತ್ಯಾದಿ. ಸರಿಯಾದ ಒಬ್ಬರನ್ನು ಎಬ್ಬಿಸುವುದು ಪೇಜಿಂಗ್. ಎದ್ದವರು ಸೇರಿ ಕೆಲಸ ಮಾಡಲು ಚಾಟ್ ಚಾನಲ್, ಟೈಮ್‌ಲೈನ್ (ಯಾವಾಗ ಏನಾಯಿತೆಂಬ ದಾಖಲೆ), ಸ್ಟೇಟಸ್ ಪೇಜ್ ಒದಗಿಸುವುದು ಇನ್ಸಿಡೆಂಟ್ ಮ್ಯಾನೇಜ್‌ಮೆಂಟ್. ಈಗಿನ ಕಂಪನಿಗಳು ಎರಡನೆಯದನ್ನೂ ಮೂರನೆಯದನ್ನೂ ಒಂದೇ ಪೊಟ್ಟಣದಲ್ಲಿ ಮಾರುತ್ತವೆ, ಡೆಮೊದಲ್ಲಿ ಮೂರನೆಯದೇ ಚೆನ್ನಾಗಿ ಕಾಣುತ್ತದೆ. ನೀವು ಮಾತ್ರ ಎರಡನೆಯದನ್ನು ನೋಡಿ ಆರಿಸಿ.

ಮೊದಲು ಮನೆ ಗುಡಿಸಿ

ಕಳೆದ 30 ದಿನಗಳ ಅಲರ್ಟ್‌ಗಳನ್ನೆಲ್ಲ ಒಂದು ಸ್ಪ್ರೆಡ್‌ಶೀಟಿಗೆ ಇಳಿಸಿಕೊಳ್ಳಿ. ಪ್ರತಿ ಸಾಲಿನ ಮುಂದೆ ಬರೆಯಬೇಕಾದದ್ದು ಇಷ್ಟೇ: ಇದು ಬಂದಾಗ ಯಾರಾದರೂ ಏನಾದರೂ ಮಾಡಿದರೇ? ಕೂಡಲೇ ಮಾಡಬೇಕಾಗಿತ್ತು ಎಂದರೆ ಅದು ಪೇಜ್, ಅಂದರೆ ಎಬ್ಬಿಸುವ ಕರೆ. ಬೆಳಿಗ್ಗೆ ಮಾಡಿದರೂ ನಡೆಯುತ್ತಿತ್ತು ಎಂದರೆ ಟಿಕೆಟ್, ಅಂದರೆ ಕೆಲಸದ ಪಟ್ಟಿಗೆ ಸೇರುವ ಒಂದು ಸಾಲು. ಯಾರೂ ಏನೂ ಮಾಡಲಿಲ್ಲ, ತಾನಾಗಿ ಸರಿಹೋಯಿತು ಎಂದರೆ ಆ ನಿಯಮವನ್ನೇ ಅಳಿಸಿ ಅಥವಾ ತಿದ್ದಿ.

ತಿದ್ದುವುದು ಹೇಗೆ ಎಂಬುದಕ್ಕೆ ಡಿಸ್ಕ್ ಅಲರ್ಟನ್ನೇ ನೋಡಿ. “ಡಿಸ್ಕ್ 80% ತುಂಬಿದೆ” ಎಂಬ ನಿಯಮ ಬಹುತೇಕ ಎಲ್ಲರಲ್ಲೂ ಇರುತ್ತದೆ. 2 ಟೆರಾಬೈಟ್ ಡಿಸ್ಕಿನಲ್ಲಿ 80% ಅಂದರೆ ಇನ್ನೂ 400 ಗಿಗಾಬೈಟ್ ಖಾಲಿ ಇದೆ. ತಿಂಗಳುಗಟ್ಟಲೆ ಏನೂ ಆಗದಿರಬಹುದು. ಅದೇ 20 ಗಿಗಾಬೈಟ್ ಡಿಸ್ಕಿನಲ್ಲಿ ಲಾಗ್ ಫೈಲೊಂದು ಹುಚ್ಚೆದ್ದು ಬೆಳೆದರೆ 80%ರಿಂದ 100%ಕ್ಕೆ ಕಾಲು ಗಂಟೆಯೂ ಬೇಡ. ಆದ್ದರಿಂದ “ಈಗಿನ ವೇಗದಲ್ಲಿ 4 ಗಂಟೆಯೊಳಗೆ ತುಂಬುತ್ತದೆ” ಎಂಬುದು ಪೇಜ್ ಆಗಲಿ, “4 ದಿನದೊಳಗೆ ತುಂಬುತ್ತದೆ” ಎಂಬುದು ಟಿಕೆಟ್ ಆಗಲಿ. ಪ್ರಮೀಥಿಯಸ್‌ನಲ್ಲಿ ಪ್ರಿಡಿಕ್ಟ್ ಲೀನಿಯರ್ ಎಂಬ ಫಂಕ್ಷನ್ ಇರುವುದು ಇಂಥದ್ದಕ್ಕೇ.

ಗೂಗಲ್‌ನ ಎಸ್‌ಆರ್‌ಇ ತಂಡಗಳು (ಸೇವೆಗಳು ನಿಲ್ಲದಂತೆ ನೋಡಿಕೊಳ್ಳುವವು) 2016ರಲ್ಲಿ ಬಹಿರಂಗಪಡಿಸಿದ ಲೆಕ್ಕದಂತೆ 12 ಗಂಟೆಯ ಶಿಫ್ಟಿಗೆ ಎರಡು ಇನ್ಸಿಡೆಂಟ್ (ತೊಂದರೆಯ ಘಟನೆ) ಮಿತಿ. ಕಾರಣ ಸರಳ: ಒಂದು ತೊಂದರೆಯ ಮೂಲ ಹುಡುಕಿ, ಸರಿಮಾಡಿ, ವರದಿ ಬರೆಯಲು ಸುಮಾರು ಆರು ಗಂಟೆ ಬೇಕು. ಗುಡಿಸಿದ ಮೇಲೂ ನಿಮ್ಮ ಪೇಜ್‌ಗಳು ಇದಕ್ಕಿಂತ ಎಷ್ಟೋ ಮೇಲಿದ್ದರೆ ಯಾವ ಪೇಜಿಂಗ್ ಸಾಫ್ಟ್‌ವೇರ್ ಕೊಂಡರೂ ಗದ್ದಲ ಇನ್ನಷ್ಟು ಚುರುಕಾಗಿ ತಲುಪುತ್ತದೆ, ಅಷ್ಟೆ.

ಎಷ್ಟು ಜನ, ಎಷ್ಟು ರಾತ್ರಿ

ಒಂದೇ ಊರಿನ ತಂಡ ವಾರಕ್ಕೊಬ್ಬ ಪ್ರೈಮರಿ (ಮೊದಲು ಎಬ್ಬಿಸುವವರು), ಒಬ್ಬ ಸೆಕೆಂಡರಿ (ಅವರು ಏಳದಿದ್ದರೆ ಎಬ್ಬಿಸುವವರು) ಎಂದು ದಿನವಿಡೀ ನಡೆಸಬೇಕಾದರೆ ಎಂಟು ಜನ ಬೇಕು ಎಂಬುದೂ ಗೂಗಲ್‌ನ ಅದೇ ಲೆಕ್ಕದ್ದು. ಎರಡು ಊರುಗಳಾದರೆ ಒಂದೊಂದು ಕಡೆ ಆರಾರು ಜನ. ನಾಲ್ಕೇ ಜನರ ಸ್ಟಾರ್ಟಪ್‌ಗೆ ಇದು ಕೈಗೆಟುಕದ ಮಾತು, ಸರಿ. ಆಗ ಮಾಡಬಹುದಾದ ಪ್ರಾಮಾಣಿಕ ಕೆಲಸವೆಂದರೆ ರಾತ್ರಿ ಪೇಜ್ ಆಗುವ ಅಲರ್ಟ್‌ಗಳನ್ನು ಮೂರು-ನಾಲ್ಕಕ್ಕೆ ಇಳಿಸುವುದು: ಪಾವತಿ ನಿಂತಿದೆ, ಲಾಗಿನ್ ಆಗುತ್ತಿಲ್ಲ, ಡೇಟಾಬೇಸ್ ಬರೆಯುತ್ತಿಲ್ಲ. ಮಿಕ್ಕವು ಬೆಳಿಗ್ಗೆ ಒಂಬತ್ತಕ್ಕೆ ಕಾಯಲಿ. ವ್ಯವಸ್ಥೆ ಆರಿಸುವಾಗ ಅಲರ್ಟಿನ ತೀವ್ರತೆ ಮತ್ತು ಹೊತ್ತು ಎರಡನ್ನೂ ನೋಡಿ ದಾರಿ ಬದಲಿಸಲು ಬರುತ್ತದೆಯೇ ಎಂದು ಪರೀಕ್ಷಿಸಿ. ಕೆಲವು ಕಂಪನಿಗಳಲ್ಲಿ ಇದು ದುಬಾರಿ ಪ್ಲಾನಿನಲ್ಲಿ ಮಾತ್ರ ಸಿಗುತ್ತದೆ.

ಕೊನೆಯ ಗೇಣು: ಫೋನ್

ಸರ್ವರಿನಿಂದ ಹೊರಟ ಅಲರ್ಟ್ ಸಾವಿರಾರು ಮೈಲಿ ದಾಟಿ ಬಂದು ಹಾಸಿಗೆ ಪಕ್ಕದ ಮೇಜಿನ ಮೇಲೆ ಸತ್ತುಹೋಗುವುದೇ ಹೆಚ್ಚು. ಭಾರತದಲ್ಲಿ ಕೂತವರಿಗೆ ಇಲ್ಲಿನದೇ ಆದ ಅಡ್ಡಿಗಳು ಬೇರೆ ಇವೆ.

ಆಪ್ ನೋಟಿಫಿಕೇಶನ್‌ನಿಂದ ಶುರು ಮಾಡೋಣ. ಐಫೋನಿನಲ್ಲಿ ‘ಕ್ರಿಟಿಕಲ್ ಅಲರ್ಟ್’ ಎಂಬ ಅನುಮತಿ ಇದೆ. 2018ರ ಐಓಎಸ್ 12ರಿಂದ ಬಂದದ್ದು. ಸೈಲೆಂಟ್ ಇದ್ದರೂ, ಡು ನಾಟ್ ಡಿಸ್ಟರ್ಬ್ ಇದ್ದರೂ ಸದ್ದು ಮಾಡುತ್ತದೆ. ಆಪಲ್‌ನ ವಿಶೇಷ ಒಪ್ಪಿಗೆ ಪಡೆದ ಆಪ್‌ಗಳಿಗೆ ಮಾತ್ರ ಇದು ಸಿಗುವುದರಿಂದ ನೀವು ನೋಡುತ್ತಿರುವ ಆಪ್‌ಗೆ ಇದೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಆಂಡ್ರಾಯ್ಡ್‌ನಲ್ಲಿ ಡು ನಾಟ್ ಡಿಸ್ಟರ್ಬ್ ದಾಟುವ ಅನುಮತಿಯನ್ನು ಬಳಕೆದಾರರೇ ಕೊಡಬೇಕು. ಅದಕ್ಕಿಂತ ದೊಡ್ಡ ತಲೆನೋವು ಬ್ಯಾಟರಿ ಉಳಿಸುವ ಸೆಟ್ಟಿಂಗ್‌ಗಳು. ಶಾವೊಮಿ, ವಿವೊ, ಒಪ್ಪೊ ಫೋನುಗಳು ಹಿನ್ನೆಲೆಯಲ್ಲಿರುವ ಆಪನ್ನು ಧಾರಾಳವಾಗಿ ಕೊಲ್ಲುತ್ತವೆ. ‘ಆಟೋಸ್ಟಾರ್ಟ್’ ಅಥವಾ ಅದರಂಥ ಸೆಟ್ಟಿಂಗ್ ಆನ್ ಮಾಡಿ, ಬ್ಯಾಟರಿ ನಿರ್ಬಂಧ ತೆಗೆಯಬೇಕು. ಸ್ಯಾಮ್ಸಂಗ್‌ನಲ್ಲಿ ‘ನೆವರ್ ಸ್ಲೀಪಿಂಗ್’ ಪಟ್ಟಿಗೆ ಸೇರಿಸಬೇಕು. ಇನ್ನೊಂದು ಗುಟ್ಟಾದ ಕಳ್ಳ: ಆಂಡ್ರಾಯ್ಡ್ 11ರಿಂದ ಈಚೆಗೆ ಕೆಲವು ತಿಂಗಳು ತೆರೆಯದ ಆಪ್‌ಗಳ ಅನುಮತಿಗಳನ್ನು ಫೋನ್ ತಾನೇ ಹಿಂತೆಗೆದುಕೊಳ್ಳುತ್ತದೆ. ಮೂರು ತಿಂಗಳಿಗೊಮ್ಮೆ ಸರದಿ ಬರುವ ದೊಡ್ಡ ತಂಡದಲ್ಲಿ ಇದಕ್ಕೆ ಸಿಕ್ಕಿಬೀಳುವುದು ಸುಲಭ. ಆಪ್ ಮಾಹಿತಿಗೆ ಹೋಗಿ ಬಳಸದಿದ್ದರೆ ನಿಲ್ಲಿಸುವ ಆಯ್ಕೆಯನ್ನು ಆಫ್ ಮಾಡಿ.

ಮುಂದಿನದು ಕರೆ. ವಿದೇಶಿ ಪೇಜಿಂಗ್ ಸೇವೆಗಳ ಕರೆ ಇಲ್ಲಿಗೆ ಬಹಳಷ್ಟು ಸಲ +1ರಂಥ ವಿದೇಶಿ ನಂಬರಿನಿಂದ ಬರುತ್ತದೆ. ಏರ್‌ಟೆಲ್ 2024ರಿಂದ ಸ್ಪ್ಯಾಮ್ ಎಂದು ಅನುಮಾನ ಬಂದ ಕರೆಗಳ ಮೇಲೂ ಅಂತರರಾಷ್ಟ್ರೀಯ ಕರೆಗಳ ಮೇಲೂ ಗುರುತು ತೋರಿಸುತ್ತಿದೆ. ವಂಚನೆ ಕರೆಗಳ ಕಾಟದಿಂದ ಇಂಥ ಗುರುತು ಕಂಡ ಕೂಡಲೇ ಕಟ್ ಮಾಡುವುದು ಜನರಿಗೆ ಅಭ್ಯಾಸವಾಗಿದೆ, ಮಾಡಬೇಕಾದದ್ದೂ ಅದನ್ನೇ. ಕಾಲರ್ ಐಡಿ ಆಪ್‌ಗಳಲ್ಲಿ ವಿದೇಶಿ ನಂಬರುಗಳನ್ನೆಲ್ಲ ಬ್ಲಾಕ್ ಮಾಡಿಟ್ಟವರಿಗೆ ಕರೆ ಬಂದದ್ದೇ ಗೊತ್ತಾಗುವುದಿಲ್ಲ. ಪರಿಹಾರ: ಸೇವೆಯ ಎಲ್ಲ ಹೊರಕರೆ ನಂಬರುಗಳನ್ನು ಒಂದೇ ಕಾಂಟ್ಯಾಕ್ಟ್ ಆಗಿ ಉಳಿಸಿಕೊಳ್ಳಲು ವಿಕಾರ್ಡ್ ಫೈಲ್ ಸಿಗುತ್ತದೆಯೇ ನೋಡಿ, ನಂಬರು ಬದಲಾದಾಗ ಅದನ್ನು ಹೊಸದಾಗಿ ಹಾಕಿಕೊಳ್ಳಿ. ಆ ಕಾಂಟ್ಯಾಕ್ಟಿಗೆ ಐಫೋನಿನಲ್ಲಿ ರಿಂಗ್‌ಟೋನ್ ಪುಟದೊಳಗಿನ ‘ಎಮರ್ಜೆನ್ಸಿ ಬೈಪಾಸ್’ ಆನ್ ಮಾಡಿ. ಆಂಡ್ರಾಯ್ಡ್‌ನಲ್ಲಿ ಸ್ಟಾರ್ ಹಾಕಿ, ಡು ನಾಟ್ ಡಿಸ್ಟರ್ಬ್ ಇದ್ದಾಗಲೂ ಸ್ಟಾರ್ ಹಾಕಿದವರ ಕರೆ ಬರಲಿ ಎಂದಿಡಿ. ಎರಡನೇ ಸಲ ಕರೆದರೆ ರಿಂಗ್ ಆಗುವ ಸೌಲಭ್ಯವನ್ನು ನಂಬಿ ಕೂರಬೇಡಿ. ಐಫೋನಿನಲ್ಲಿ ಮೂರು ನಿಮಿಷದೊಳಗೆ, ಆಂಡ್ರಾಯ್ಡ್‌ನಲ್ಲಿ ಹದಿನೈದು ನಿಮಿಷದೊಳಗೆ ಅದೇ ನಂಬರಿನಿಂದ ಬಂದರೆ ಮಾತ್ರ ಅದು ಕೆಲಸ ಮಾಡುತ್ತದೆ. ಪೇಜಿಂಗ್ ಸೇವೆಯ ಎರಡನೇ ಕರೆ ಬೇರೆ ನಂಬರಿನಿಂದ ಬರಬಹುದು.

ಎಸ್ಸೆಮ್ಮೆಸ್ ಮೂರನೇ ಆಸರೆ, ಅದೂ ದುರ್ಬಲವಾದದ್ದು. ಭಾರತದ ಗೇಟ್‌ವೇ ಮೂಲಕ ನೀವೇ ಕಳಿಸುವುದಾದರೆ ದೂರಸಂಪರ್ಕ ನಿಯಂತ್ರಕ ಟ್ರಾಯ್‌ನ 2018ರ ನಿಯಮದಂತೆ ಡಿಎಲ್‌ಟಿ ಎಂಬ ನೋಂದಣಿ ವ್ಯವಸ್ಥೆಯಲ್ಲಿ ಸಂಸ್ಥೆ, ಹೆಡರ್ (ಕಳಿಸುವವರ ಹೆಸರು), ಸಂದೇಶದ ಟೆಂಪ್ಲೇಟ್ (ಪಠ್ಯದ ಮಾದರಿ) ಎಲ್ಲವನ್ನೂ ನೋಂದಾಯಿಸಬೇಕು. ಅಲರ್ಟಿನ ಪಠ್ಯ ಪ್ರತಿ ಸಲವೂ ಬೇರೆ, ಟೆಂಪ್ಲೇಟಿಗೆ ಹೊಂದದ ಸಂದೇಶವೋ ದಾರಿಯಲ್ಲೇ ಬಿದ್ದುಹೋಗುತ್ತದೆ. 2024ರ ಅಕ್ಟೋಬರ್ 1ರಿಂದ ಮೊದಲೇ ಅನುಮತಿ ಪಡೆಯದ ಲಿಂಕ್ ಇರುವ ಸಂದೇಶಗಳಿಗೂ ತಡೆ ಬಿದ್ದಿದೆ, ಆದ್ದರಿಂದ ಡ್ಯಾಶ್‌ಬೋರ್ಡಿನ ಲಿಂಕ್ ತುರುಕಬೇಡಿ. ಸಂದೇಶದಲ್ಲಿ ಒಂದು ಎಮೋಜಿಯೋ ಕನ್ನಡ ಅಕ್ಷರವೋ ಸೇರಿದರೆ 160 ಅಕ್ಷರಗಳ ಮಿತಿ 70ಕ್ಕೆ ಇಳಿಯುತ್ತದೆ ಎಂಬುದೂ ನೆನಪಿರಲಿ.

ಟ್ರಯಲ್ ಅವಧಿಯಲ್ಲಿ ಇದನ್ನೆಲ್ಲ ಪರೀಕ್ಷಿಸುವ ಕ್ರಮ ಹೀಗೆ. ತಂಡದಲ್ಲಿರುವ ಬೇರೆ ಬೇರೆ ಫೋನ್ ಮಾದರಿ ಮತ್ತು ಸಿಮ್‌ಗಳ ಪಟ್ಟಿ ಮಾಡಿ. ಪ್ರತಿ ಜೋಡಿಗೂ ಐದು ಸಲ ಟೆಸ್ಟ್ ಪೇಜ್ ಕಳಿಸಿ:

1. ಫೋನ್ ಎಚ್ಚರವಿದ್ದು ಪರದೆ ಆನ್ ಇದ್ದಾಗ.
2. ಪರದೆ ಆಫ್ ಆಗಿ ಒಂದು ಗಂಟೆ ಕಳೆದ ಮೇಲೆ, ಚಾರ್ಜರ್ ಇಲ್ಲದೆ.
3. ಸೈಲೆಂಟ್ ಮತ್ತು ಡು ನಾಟ್ ಡಿಸ್ಟರ್ಬ್ ಎರಡೂ ಇದ್ದಾಗ.
4. ಮೊಬೈಲ್ ಡೇಟಾ, ವೈಫೈ ಎರಡೂ ಆಫ್ ಇದ್ದಾಗ. ಆಗ ಕರೆ, ಎಸ್ಸೆಮ್ಮೆಸ್ ಎರಡೇ ಗತಿ.
5. ಇನ್ನೊಂದು ಕರೆಯಲ್ಲಿ ಮಾತಾಡುತ್ತಿರುವಾಗ.

ಕಳಿಸಿದ ಹೊತ್ತು, ಸದ್ದಾದ ಹೊತ್ತು, ಎರಡನ್ನೂ ಬರೆದಿಡಿ. ಒಂದು ನಿಮಿಷ ದಾಟಿದ್ದೆಲ್ಲ ಸೋಲು ಎಂದೇ ಲೆಕ್ಕ. ಕರೆ ತೆಗೆದಾಗ ಯಂತ್ರದ ದನಿ ಮೊದಲ ಐದು ಸೆಕೆಂಡಿನಲ್ಲಿ ಏನು ಓದುತ್ತದೆ ಎಂಬುದನ್ನೂ ಕೇಳಿಸಿಕೊಳ್ಳಿ. ಸರ್ವರಿನ ಇಪ್ಪತ್ತು ಅಂಕಿಯ ಹೆಸರನ್ನು ಒಂದೊಂದಾಗಿ ಓದತೊಡಗಿದರೆ ನಿದ್ದೆಗಣ್ಣಿನವರಿಗೆ ಏನೂ ತಿಳಿಯುವುದಿಲ್ಲ. ಶೀರ್ಷಿಕೆ ಸೇವೆಯ ಹೆಸರಿನಿಂದ ಶುರುವಾಗಲಿ.

ಎಸ್ಕಲೇಶನ್‌ಗೆ ನಿಮಿಷದ ಲೆಕ್ಕ

‘ನೋಡಿಕೊಂಡೆ’ ಎಂದು ಒತ್ತುವುದನ್ನು ಎಲ್ಲರೂ ‘ಅಕ್’ ಎನ್ನುತ್ತಾರೆ. ಅಕ್ ಬರದಿದ್ದರೆ ಮುಂದಿನವರಿಗೆ ಹೋಗುವುದೇ ಎಸ್ಕಲೇಶನ್. ಇದಕ್ಕೆ ಮನಸ್ಸಿಗೆ ಬಂದ ಸಂಖ್ಯೆ ಹಾಕದೆ ಸೇವೆಯ ಗುರಿಯಿಂದ ಹಿಂದಕ್ಕೆ ಲೆಕ್ಕ ಹಾಕಿ. 99.9% ಲಭ್ಯತೆ ಎಂದರೆ 30 ದಿನಕ್ಕೆ ಕೆಟ್ಟು ನಿಲ್ಲಬಹುದಾದದ್ದು 43 ನಿಮಿಷ ಚಿಲ್ಲರೆ. ಅಲರ್ಟ್ ನಿಯಮ 5 ನಿಮಿಷ ಕಾದು ಹೊರಡುತ್ತದೆ, ಒಂದೇ ತೊಂದರೆಯ ಅಲರ್ಟ್‌ಗಳನ್ನು ಗುಂಪು ಮಾಡಲು ಅರ್ಧ ನಿಮಿಷ, ಪ್ರೈಮರಿಗೆ 5 ನಿಮಿಷ, ಸೆಕೆಂಡರಿಗೆ 5 ನಿಮಿಷ. ಮೂರನೆಯವರ ಫೋನ್ ಹೊಡೆದುಕೊಳ್ಳುವ ಹೊತ್ತಿಗೆ ಹದಿನೈದೂವರೆ ನಿಮಿಷ, ಅಂದರೆ ತಿಂಗಳ ಪಾಲಿನಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು, ಯಾರೂ ಕೀಬೋರ್ಡ್ ಮುಟ್ಟುವ ಮೊದಲೇ ಕರಗಿರುತ್ತದೆ. ಪ್ರತಿ ಹಂತಕ್ಕೆ 15 ನಿಮಿಷ ಇಟ್ಟ ತಂಡಗಳು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಲಿ.

ಒಬ್ಬ ವ್ಯಕ್ತಿಯೊಳಗಿನ ಕ್ರಮ ಹೀಗಿದ್ದರೆ ಸಾಕು: ಸೊನ್ನೆ ನಿಮಿಷಕ್ಕೆ ಆಪ್, ಒಂದಕ್ಕೆ ಕರೆ, ಮೂರಕ್ಕೆ ಮತ್ತೆ ಕರೆ, ಐದಕ್ಕೆ ಸೆಕೆಂಡರಿಗೆ. ಕೊನೆಯವರೂ ಏಳದಿದ್ದರೆ ಮೊದಲಿನಿಂದ ಶುರುವಾಗುವಂತೆ ಕನಿಷ್ಠ ಮೂರು ಸುತ್ತು ಇಡಿ. ಅರೆನಿದ್ದೆಯಲ್ಲಿ ಅಕ್ ಒತ್ತಿ ಮತ್ತೆ ಮಲಗುವುದು ಎಲ್ಲ ತಂಡಗಳಲ್ಲೂ ನಡೆಯುವಂಥದ್ದು. ಅದಕ್ಕೆ ಅಕ್‌ಗೆ 30 ನಿಮಿಷದ ವಾಯಿದೆ ಇರಲಿ: ಅಷ್ಟರಲ್ಲಿ ಮುಗಿಯದಿದ್ದರೆ ಮತ್ತೆ ಹೊಡೆದುಕೊಳ್ಳಬೇಕು. ಈ ಸೌಲಭ್ಯ ಇಲ್ಲದ ವ್ಯವಸ್ಥೆಯನ್ನು ಪಟ್ಟಿಯಿಂದ ತೆಗೆದುಬಿಡಿ. ವಾಯ್ಸ್‌ಮೇಲ್ ಕರೆ ತೆಗೆದುಕೊಂಡರೆ ಅದನ್ನು ಅಕ್ ಎಂದು ಎಣಿಸಬಾರದು, ಅಂಕಿ ಒತ್ತಲೇಬೇಕು.

ವೇಳಾಪಟ್ಟಿ ಮತ್ತು ಅಮೆರಿಕದ ಗಡಿಯಾರ

ಬೆಂಗಳೂರು ಮತ್ತು ಕ್ಯಾಲಿಫೋರ್ನಿಯಾ ನಡುವೆ ದಿನ ಹಂಚಿಕೊಂಡ ತಂಡಗಳಿಗೆ ವರ್ಷಕ್ಕೆರಡು ಸಲ ಕಾದಿರುವ ಗುಂಡಿ ಇದು. ಬೆಂಗಳೂರಿನದು ಬೆಳಿಗ್ಗೆ 9ರಿಂದ ರಾತ್ರಿ 9 ಎನ್ನೋಣ. ಬೇಸಿಗೆಯಲ್ಲಿ ಎರಡೂ ಕಡೆಯ ಅಂತರ ಹನ್ನೆರಡೂವರೆ ಗಂಟೆ. ಹಾಗಾಗಿ ಅಲ್ಲಿನವರ ಪಾಳಿಯನ್ನು ಅವರ ಗಡಿಯಾರದಲ್ಲಿ ಬೆಳಿಗ್ಗೆ 8:30ರಿಂದ ರಾತ್ರಿ 8:30 ಎಂದು ಹಾಕಿದರೆ ಸರಿಯಾಗಿ ಕೂಡುತ್ತದೆ. ನವೆಂಬರಿನ ಮೊದಲ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ಅಂತರ ಹದಿಮೂರೂವರೆ. ಅವರ ಪಾಳಿ ಈಗ ನಮ್ಮ ರಾತ್ರಿ 10ಕ್ಕೆ ಶುರು. 9ರಿಂದ 10ರವರೆಗೆ ಪಟ್ಟಿಯಲ್ಲಿ ಯಾರೂ ಇಲ್ಲ. ಬೆಳಿಗ್ಗೆ 9ರಿಂದ 10ರವರೆಗೆ ಇಬ್ಬರಿದ್ದಾರೆ. ಮಾರ್ಚಿನ ಎರಡನೇ ಭಾನುವಾರದವರೆಗೂ ಹೀಗೇ.

ಎರಡೂ ಪಾಳಿಗಳನ್ನು ಒಂದೇ ಕಾಲವಲಯದಲ್ಲಿ ಬರೆದರೆ ಗುಂಡಿ ಮುಚ್ಚುತ್ತದೆ. ಟ್ರಯಲ್‌ನಲ್ಲಿ ಇದನ್ನು ಹೀಗೆ ನೋಡಿ: ಬೇಕೆಂದೇ ಎರಡು ಕಾಲವಲಯ ಹಾಕಿ, ಕ್ಯಾಲೆಂಡರನ್ನು ನವೆಂಬರಿಗೆ ತಿರುಗಿಸಿ. ಖಾಲಿ ಗಂಟೆಯನ್ನು ವ್ಯವಸ್ಥೆ ಕೆಂಪು ಮಾಡಿ ತೋರಿಸಿತೇ, ಸುಮ್ಮನಿತ್ತೇ?

ಓವರ್‌ರೈಡ್, ಅಂದರೆ ಸರದಿ ಅದಲುಬದಲು, ಫೋನಿನಿಂದಲೇ ಅರ್ಧ ನಿಮಿಷದಲ್ಲಿ ಆಗಬೇಕು. ಯುಗಾದಿಗೋ ದೀಪಾವಳಿಗೋ ಊರಿಗೆ ಹೊರಟವರು ಅಡ್ಮಿನ್ ಒಪ್ಪಿಗೆಗೆ ಕಾಯುವಂತಿದ್ದರೆ ಬದಲಾವಣೆ ವಾಟ್ಸಾಪ್‌ನಲ್ಲಿ ಬಾಯಿಮಾತಾಗಿ ಉಳಿಯುತ್ತದೆ, ಪೇಜ್ ಮಾತ್ರ ಹಳೆಯವರಿಗೇ ಹೋಗುತ್ತದೆ. ಮಂಗಳೂರು ರೈಲಿನಲ್ಲಿ ಸಕಲೇಶಪುರ ದಾಟಿ ಘಾಟಿಯ ಸುರಂಗಗಳೊಳಗೆ ಹೊಕ್ಕವರನ್ನು ಯಾವ ಎಸ್ಕಲೇಶನ್ನೂ ಎಬ್ಬಿಸಲಾರದು.

ಗುಂಪು ಮಾಡುವುದರಲ್ಲಿ ಎರಡು ತಪ್ಪು

ಪ್ರಮೀಥಿಯಸ್‌ನ ಅಲರ್ಟ್‌ಗಳನ್ನು ಗುಂಪು ಮಾಡಿ ಕಳಿಸುವ ಅಲರ್ಟ್‌ಮ್ಯಾನೇಜರ್ ಬಳಸುವವರಿಗೆ ಡೀಫಾಲ್ಟ್ ಸಂಖ್ಯೆಗಳು ಗೊತ್ತಿರಬೇಕು: ಗ್ರೂಪ್ ವೇಟ್ (ಮೊದಲ ಸಂದೇಶಕ್ಕೆ ಮುನ್ನ ಕಾಯುವುದು) 30 ಸೆಕೆಂಡ್, ಗ್ರೂಪ್ ಇಂಟರ್ವಲ್ (ಅದೇ ಗುಂಪಿನ ಮುಂದಿನ ಸಂದೇಶಕ್ಕೆ ಕಾಯುವುದು) 5 ನಿಮಿಷ, ರಿಪೀಟ್ ಇಂಟರ್ವಲ್ (ಬದಲಾವಣೆ ಇಲ್ಲದಿದ್ದರೆ ಮತ್ತೆ ನೆನಪಿಸುವುದು) 4 ಗಂಟೆ. ಮಷಿನ್ ಹೆಸರಿನಂತೆ ಗುಂಪು ಮಾಡಿದರೆ ಒಂದು ಸ್ವಿಚ್ ಕೆಟ್ಟಾಗ 40 ಮಷಿನಿಗೆ 40 ಕರೆ. ಇದಕ್ಕೆ ಹೆದರಿ ಎಲ್ಲವನ್ನೂ ಕ್ಲಸ್ಟರಿನ (ಸರ್ವರುಗಳ ಸಮೂಹದ) ಹೆಸರಿನಡಿ ಒಂದೇ ಗುಂಪಿಗೆ ಹಾಕುವುದು ಇನ್ನೂ ಅಪಾಯ: ಮೊದಲ ಚಿಕ್ಕ ತೊಂದರೆಗೆ ಅಕ್ ಬಿದ್ದಿರುತ್ತದೆ, ಆಮೇಲೆ ಡೇಟಾಬೇಸ್ ಬಿದ್ದರೂ ಅದೇ ಇನ್ಸಿಡೆಂಟಿನೊಳಗೆ ಸದ್ದಿಲ್ಲದೆ ಸೇರಿಕೊಳ್ಳುತ್ತದೆ. ಅಲರ್ಟಿನ ಹೆಸರು ಮತ್ತು ಸೇವೆ, ಇವೆರಡರ ಮೇಲೆ ಗುಂಪು ಮಾಡಿ.

ನಾಲ್ಕು ಗಂಟೆಯ ಸಂಖ್ಯೆಗೂ ಒಂದು ಬಲೆ ಇದೆ. ತೊಂದರೆ ಇನ್ನೂ ಇರುವಾಗಲೇ ಯಾರೋ ಪೇಜಿಂಗ್ ಆಪ್‌ನಲ್ಲಿ ‘ರಿಸಾಲ್ವ್’ (ಬಗೆಹರಿಯಿತು) ಒತ್ತಿದರೆ ಅಲರ್ಟ್‌ಮ್ಯಾನೇಜರಿಗೆ ಅದು ತಿಳಿಯುವುದಿಲ್ಲ. ಆ ಗುಂಪಿನಲ್ಲಿ ಬದಲಾವಣೆ ಆಗದಿದ್ದರೆ ಮುಂದಿನ ನೆನಪೋಲೆ ನಾಲ್ಕು ಗಂಟೆಯ ನಂತರವೇ. ಎಲ್ಲರೂ ಸರಿಹೋಯಿತೆಂದು ಮಲಗಿರುತ್ತಾರೆ. ಪೇಜ್ ಆಗುವ ದಾರಿಗೆ ಇದನ್ನು ಒಂದು ಗಂಟೆಗೋ ಅರ್ಧಕ್ಕೋ ಇಳಿಸಿ, ರಿಸಾಲ್ವ್ ಮಾಡುವ ಕೆಲಸವನ್ನು ಮಾನಿಟರಿಂಗ್‌ಗೇ ಬಿಡಿ.

ಪೇಜರೇ ಸತ್ತರೆ

2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸುಮಾರು ಆರು ಗಂಟೆ ಅಂತರಜಾಲದಿಂದಲೇ ಕಣ್ಮರೆಯಾದಾಗ ಅದರ ಒಳಗಿನ ಸಾಧನಗಳೂ ಜೊತೆಗೇ ಹೋದವು. ನಿಮ್ಮ ಪೇಜಿಂಗ್ ಸೇವೆ ಯಾವ ಕ್ಲೌಡಿನ ಯಾವ ರೀಜನ್‌ನಲ್ಲಿದೆ ಎಂದು ಕೇಳಿ ಉತ್ತರ ಪಡೆಯಿರಿ. ಸ್ವಂತವಾಗಿ ನಡೆಸುವುದಾದರೆ ನಿಮ್ಮ ಮುಖ್ಯ ಕ್ಲಸ್ಟರಿನೊಳಗೆ ಇಡಬೇಡಿ. ಕಂಪನಿಯ ಸಿಂಗಲ್ ಸೈನ್-ಆನ್ (ಎಲ್ಲ ಆಪ್‌ಗಳಿಗೂ ಒಂದೇ ಲಾಗಿನ್) ಬಿದ್ದ ದಿನ ಪೇಜಿಂಗ್ ಆಪ್‌ಗೇ ಲಾಗಿನ್ ಆಗಲು ಬಾರದಿರಬಹುದು, ಅದಕ್ಕಾಗಿ ಕರೆಯಲ್ಲಿ ಅಂಕಿ ಒತ್ತಿ ಅಕ್ ಮಾಡುವ ದಾರಿ ತೆರೆದಿರಲಿ.

ಜೊತೆಗೆ ಒಂದು ಹೃದಯಬಡಿತ ಬೇಕು. ಪ್ರಮೀಥಿಯಸ್‌ನಲ್ಲಿ ಸದಾ ಹೊತ್ತಿಕೊಂಡಿರುವ ‘ವಾಚ್‌ಡಾಗ್’ ಅಲರ್ಟ್ ಒಂದನ್ನು ಬರೆದು, ನಿಮಿಷಕ್ಕೊಮ್ಮೆ ಹೊರಗಿನ ಸೇವೆಗೆ ಕಳಿಸಿ. ಐದು ನಿಮಿಷ ಬರದಿದ್ದರೆ ಆ ಹೊರಗಿನ ಸೇವೆ ಪೇಜ್ ಮಾಡಲಿ. ಈ ದಾರಿಗೆ ಗ್ರೂಪ್ ಇಂಟರ್ವಲ್, ರಿಪೀಟ್ ಇಂಟರ್ವಲ್ ಎರಡನ್ನೂ ಒಂದು ನಿಮಿಷಕ್ಕೆ ಇಳಿಸಬೇಕು. ಎರಡನೆಯದನ್ನು ಮಾತ್ರ ಇಳಿಸಿ ಮೊದಲನೆಯದನ್ನು ಮರೆತರೆ ಬಡಿತ ಐದು ನಿಮಿಷಕ್ಕೊಮ್ಮೆ ಹೋಗಿ ಸುಳ್ಳು ಪೇಜ್ ಬರುತ್ತಲೇ ಇರುತ್ತದೆ.

ಈಗ ಹೆಸರುಗಳು

2009ರಲ್ಲಿ ಶುರುವಾದ ಪೇಜರ್‌ಡ್ಯೂಟಿ ಈ ಕ್ಷೇತ್ರದ ಹಳಬ. ಬೇರೆ ಸಾಧನಗಳೊಂದಿಗಿನ ಜೋಡಣೆಗಳು ಹೆಚ್ಚು, ಬೆಲೆಯೂ ಹೆಚ್ಚು. 2018ರಲ್ಲಿ ಅಟ್ಲಾಸಿಯನ್ ಕೊಂಡ ಆಪ್ಸ್‌ಜೀನಿಯ ಹೊಸ ಮಾರಾಟ 2025ರ ಜೂನ್‌ನಲ್ಲಿ ನಿಂತಿದೆ, ಸೇವೆ 2027ರ ಏಪ್ರಿಲ್ 5ಕ್ಕೆ ಮುಗಿಯುತ್ತದೆಂದು ಕಂಪನಿಯೇ ಹೇಳಿದೆ. ಅದರಲ್ಲಿರುವವರು ಜಾಗ ಹುಡುಕಲೇಬೇಕು. ಗ್ರಫಾನಾ ಆನ್‌ಕಾಲ್‌ನ ಓಪನ್ ಸೋರ್ಸ್ ಆವೃತ್ತಿ 2025ರ ಮಾರ್ಚ್‌ನಲ್ಲಿ ನಿರ್ವಹಣೆ ಮಾತ್ರದ ಸ್ಥಿತಿಗೆ ಹೋಯಿತು. ಹಳೆಯ ಬ್ಲಾಗ್ ನೋಡಿ ಅದನ್ನು ಹೊಸದಾಗಿ ಹಾಕಲು ಹೋಗಬೇಡಿ. ಬೆಂಗಳೂರಿನ ನಂಟಿರುವ ಸ್ಕ್ವಾಡ್‌ಕಾಸ್ಟ್ ಮತ್ತು ಝೆನ್‌ಡ್ಯೂಟಿ ಎರಡೂ 2025ರಲ್ಲಿ ದೊಡ್ಡ ಕಂಪನಿಗಳ ಪಾಲಾದವು. ಚಾಟ್‌ನಲ್ಲೇ ಬದುಕುವ ತಂಡಗಳಿಗೆ ಇನ್ಸಿಡೆಂಟ್ ಡಾಟ್ ಐಓ, ರೂಟ್ಲಿ ಇವೆ. ಸ್ವಂತ ಸರ್ವರಿನಲ್ಲಿ ನಡೆಸುವವರಿಗೆ ಅಮೆರಿಕದ ಟಾರ್ಗೆಟ್ ಕಂಪನಿ ಬಿಡುಗಡೆ ಮಾಡಿದ ಗೋಅಲರ್ಟ್ ಸರಳ, ಅಚ್ಚುಕಟ್ಟು. ಕರೆಗೆ ಟ್ವಿಲಿಯೊ (ಕರೆ, ಸಂದೇಶ ಕಳಿಸಿಕೊಡುವ ಸೇವೆ) ಖಾತೆ ಬೇಕು.

ಇಷ್ಟು ಮಾರಾಟ-ಮುಚ್ಚುವಿಕೆ ನೋಡಿದ ಮೇಲೆ ಒಂದು ಷರತ್ತು ಹಾಕಿಕೊಳ್ಳುವುದು ಜಾಣತನ: ವೇಳಾಪಟ್ಟಿ, ಎಸ್ಕಲೇಶನ್, ಸೇವೆಗಳ ಪಟ್ಟಿ ಎಲ್ಲವೂ ಟೆರ್ರಾಫಾರ್ಮ್‌ನಲ್ಲಿ (ಸೆಟ್ಟಿಂಗ್‌ಗಳನ್ನು ಕೋಡಾಗಿ ಬರೆದಿಡುವ ಸಾಧನ) ಬರೆಯಲು ಬರಬೇಕು. ಕ್ಲಿಕ್ ಮಾಡಿ ಕಟ್ಟಿದ್ದನ್ನು ಕಿತ್ತು ಇನ್ನೊಂದೆಡೆ ನೆಡಲು ವಾರಗಳು ಹಿಡಿಯುತ್ತವೆ.

ಬೆಲೆಯ ಲೆಕ್ಕದಲ್ಲಿ ಸೀಟಿನ (ಒಬ್ಬ ಬಳಕೆದಾರರ) ದರಕ್ಕಿಂತ ಸೀಟಿನ ಅರ್ಥ, ಅಂದರೆ ಯಾರ್ಯಾರನ್ನು ಎಣಿಸುತ್ತಾರೆ ಎಂಬುದು, ಮುಖ್ಯ. ತಿಂಗಳಿಗೆ 20 ಡಾಲರ್ ಎಂದಿಟ್ಟುಕೊಂಡರೆ 12 ಜನಕ್ಕೆ ವರ್ಷಕ್ಕೆ 2,880 ಡಾಲರ್. ಬರೀ ನೋಡುವ ಮ್ಯಾನೇಜರುಗಳು, ಸಪೋರ್ಟ್‌ನವರು ಸೇರಿ 30 ಆದರೆ 7,200. ಅದರ ಮೇಲೆ ಆಮದು ಸೇವೆಗೆ ರಿವರ್ಸ್ ಚಾರ್ಜ್‌ನಲ್ಲಿ (ಕೊಳ್ಳುವವರೇ ತೆರಿಗೆ ಕಟ್ಟುವ ಕ್ರಮ) 18% ಜಿಎಸ್‌ಟಿ. ಕಟ್ಟಿದ ತೆರಿಗೆಗೆ ಇನ್‌ಪುಟ್ ಕ್ರೆಡಿಟ್ ಸಿಗುವ ಕಂಪನಿಗೆ ತೊಂದರೆಯಿಲ್ಲ. ಭಾರತಕ್ಕೆ ಮಾಡುವ ಕರೆಗಳಿಗೆ ತಿಂಗಳ ಮಿತಿ ಇದೆಯೇ, ಮಿತಿ ಮುಗಿದರೆ ಕರೆ ನಿಲ್ಲುತ್ತದೆಯೇ ಅಥವಾ ಬಿಲ್ ಬೆಳೆಯುತ್ತದೆಯೇ ಎಂದು ಬರಹದಲ್ಲಿ ಕೇಳಿ.

ಟೈಮ್‌ಲೈನನ್ನು ಎಷ್ಟು ದಿನ ಇಟ್ಟುಕೊಳ್ಳುತ್ತಾರೆ ಎಂಬುದನ್ನೂ ಕೇಳಿ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ಆದೇಶದ ಪ್ರಕಾರ ಸೈಬರ್ ಘಟನೆ ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಇಡಬೇಕು. ‘ಗಮನಕ್ಕೆ ಬಂದದ್ದು ಯಾವಾಗ’ ಎಂಬ ಪ್ರಶ್ನೆ ಎದ್ದರೆ ಮೊದಲು ತೆಗೆದು ನೋಡುವುದು ಅಕ್ ಬಿದ್ದ ಹೊತ್ತನ್ನೇ.

ಬದಲಾಯಿಸುವ ದಿನಗಳು

ಮೊದಲ ವಾರ ಒಂದೇ ತಂಡ, ಒಂದೇ ಸೇವೆ. ಅಲರ್ಟ್‌ಗಳು ಹಳೆಯ, ಹೊಸ ಎರಡೂ ಕಡೆ ಹೋಗಲಿ, ಹೊಸದರ ಕರೆಗಳು ಆಫ್ ಇರಲಿ. ಪ್ರತಿದಿನ ಎರಡೂ ಕಡೆಯ ಪಟ್ಟಿ ಇಟ್ಟು ನೋಡಿ: ಒಂದೆಡೆ ಇದ್ದು ಇನ್ನೊಂದೆಡೆ ಇಲ್ಲದ್ದು ಯಾವುದು? ಎರಡನೇ ವಾರ ಹೊಸದೇ ಕರೆ ಮಾಡಲಿ, ಹಳೆಯದು ಹತ್ತು ನಿಮಿಷ ತಡವಾಗಿ ಬೆನ್ನಿಗಿರಲಿ. ಆ ವಾರದಲ್ಲೊಂದು ಸಂಜೆ ಪ್ರೈಮರಿಗೆ ಹೇಳಿ ಫೋನ್ ಸ್ವಿಚ್ ಆಫ್ ಮಾಡಿಸಿ, ಸೆಕೆಂಡರಿಗೆ ಹೇಳದೆ ಟೆಸ್ಟ್ ಪೇಜ್ ಕಳಿಸಿ ನಿಮಿಷ ಎಣಿಸಿ.

ಎಲ್ಲ ತಂಡಗಳೂ ಬಂದ ಮೇಲೆ ಹಳೆಯ ಖಾತೆಯನ್ನು ಅದೇ ದಿನ ಮುಚ್ಚಬೇಡಿ. ಒಳಬರುವ ಅಲರ್ಟ್ ಸತತ 30 ದಿನ ಸೊನ್ನೆ ಇದ್ದ ಮೇಲೆ ಮುಚ್ಚಿ. ಎಣಿಕೆ ಒಂದೆರಡು ಸಲವಾದರೂ ಮೊದಲಿಗೆ ಮರಳುತ್ತದೆ. ಸರ್ಟಿಫಿಕೇಟ್ ಅವಧಿ ಮುಗಿಯುವುದನ್ನು ತಿಂಗಳಿಗೊಮ್ಮೆ ನೋಡುವ, ಬರೆದವರು ಎಂದೋ ಕೆಲಸ ಬಿಟ್ಟುಹೋದ ನಿಗದಿತ ಹೊತ್ತಿಗೆ ತಾನೇ ಓಡುವ ಯಾವುದೋ ಕ್ರಾನ್ ಸ್ಕ್ರಿಪ್ಟ್ ಇನ್ನೂ ಹಳೆಯ ಇಮೇಲ್ ವಿಳಾಸಕ್ಕೇ ಕಳಿಸುತ್ತಿರುತ್ತದೆ.